ಕಾನೂನು ಪ್ರಶ್ನೋತ್ತರ: ಮಿನ್ನೆಸೋಟದ ಮೆಡಿಕಲ್ ಅಸಿಸ್ಟೆನ್ಸ್ ಯಾರಿಗೆ ಸಲ್ಲುತ್ತದೆ?

ಅಮೆರಿಕದ ಮಿನ್ನೆಸೋಟ ರಾಜ್ಯದಲ್ಲಿ ನೆಲೆಸಿರುವ ಕನ್ನಡಿಗರಿಂದ, ಕಡಿಮೆ ಆದಾಯದವರಿಗೆ ಅಲ್ಲಿನ ಸರ್ಕಾರ ನೀಡುವ ವೈದ್ಯಕೀಯ ನೆರವಿನ ಕುರಿತು ಅನೇಕ ಪತ್ರಗಳು ಬಂದಿವೆ. ಅವುಗಳಲ್ಲಿ ಕೆಲವನ್ನು ಈ ಸಂಚಿಕೆಗೆ ಆರಿಸಿಕೊಂಡು, ಪತ್ರ ಬರೆದವರ ಹೆಸರು ಮತ್ತು ವಿಳಾಸಗಳನ್ನು ಕೈಬಿಟ್ಟಿದ್ದೇವೆ. ಇಲ್ಲಿರುವುದು ಕಾನೂನಿನ ಸಾಮಾನ್ಯ ವಿವರಣೆ ಮಾತ್ರ. ಸ್ವಂತ ಪ್ರಕರಣವಿದ್ದವರು ಕಾಗದಪತ್ರಗಳ ಸಮೇತ ಅಲ್ಲಿನ ವಕೀಲರನ್ನೋ ಉಚಿತ ಕಾನೂನು ನೆರವಿನ ಕೇಂದ್ರವನ್ನೋ ಕಾಣುವುದು ಅವಶ್ಯ.

ಪ್ರಶ್ನೆ: ನಾನು ಸೇಂಟ್ ಪಾಲ್‌ನಲ್ಲಿದ್ದು, ಅರೆಕಾಲಿಕ ಕೆಲಸದಿಂದ ತಿಂಗಳಿಗೆ ಸುಮಾರು 1,500 ಡಾಲರ್ ಸಂಪಾದಿಸುತ್ತೇನೆ. ನನಗೆ ಮೆಡಿಕಲ್ ಅಸಿಸ್ಟೆನ್ಸ್ ಮಂಜೂರಾಗಿದೆ. ಟೆಕ್ಸಸ್‌ನಲ್ಲಿರುವ ನನ್ನ ಚಿಕ್ಕಪ್ಪನ ಮಗನಿಗೆ ನನಗಿಂತ ಕಡಿಮೆ ವರಮಾನವಿದ್ದರೂ ಅವನ ಅರ್ಜಿ ತಿರಸ್ಕೃತವಾಯಿತು. ಇಬ್ಬರೂ ಅಮೆರಿಕದ ಪೌರರು, ಅವಿವಾಹಿತರು, ಆರೋಗ್ಯವಂತರು. ಒಂದೇ ದೇಶದಲ್ಲಿ ಹೀಗೇಕೆ?

ಉತ್ತರ: ಮೆಡಿಕೇಡ್ ಎಂಬುದು ಕಡಿಮೆ ಆದಾಯದವರ ವೈದ್ಯಕೀಯ ನೆರವಿಗಾಗಿ ಒಕ್ಕೂಟ ಸರ್ಕಾರವೂ ರಾಜ್ಯಗಳೂ ಸೇರಿ ಹಣ ಹಾಕಿ ನಡೆಸುವ ವ್ಯವಸ್ಥೆ. 1965ರ ಜುಲೈ 30ರಂದು ಅಧ್ಯಕ್ಷ ಲಿಂಡನ್ ಜಾನ್ಸನ್ ಸಹಿ ಹಾಕಿದ ತಿದ್ದುಪಡಿಯಿಂದ ಸಾಮಾಜಿಕ ಭದ್ರತಾ ಕಾಯಿದೆಗೆ ಹತ್ತೊಂಬತ್ತನೆಯ ಅಧ್ಯಾಯ ಸೇರಿತು. ಮೆಡಿಕೇಡ್ ಹುಟ್ಟಿದ್ದು ಅಲ್ಲಿ. ಯಾವ ರಾಜ್ಯವೂ ಇದರಲ್ಲಿ ಸೇರಲೇಬೇಕೆಂಬ ಕಡ್ಡಾಯವಿಲ್ಲ. ಸೇರಿದರೆ ಕೇಂದ್ರದ ಕನಿಷ್ಠ ನಿಯಮಗಳಿಗೆ ಬದ್ಧವಾಗಿರಬೇಕು, ಅದಕ್ಕೆ ಪ್ರತಿಯಾಗಿ ಖರ್ಚಿನ ಅರ್ಧ ಅಥವಾ ಅದಕ್ಕೂ ಹೆಚ್ಚಿನ ಪಾಲು ಕೇಂದ್ರದಿಂದ ಬರುತ್ತದೆ. ಅರಿಜೋನಾ 1982ರಲ್ಲಿ ಕೊನೆಯದಾಗಿ ಸೇರಿದ ಮೇಲೆ ಎಲ್ಲ ರಾಜ್ಯಗಳೂ ಒಳಗಿವೆ. ಆದರೆ ಪ್ರತಿಯೊಂದು ರಾಜ್ಯವೂ ತನ್ನದೇ ಹೆಸರಿನಲ್ಲಿ, ತನ್ನದೇ ಶಾಸನದ ಅಡಿಯಲ್ಲಿ ಅದನ್ನು ನಡೆಸುತ್ತದೆ. ಕ್ಯಾಲಿಫೋರ್ನಿಯಾದಲ್ಲಿ ಅದು ಮೆಡಿ-ಕ್ಯಾಲ್, ಮ್ಯಾಸಚೂಸೆಟ್ಸ್‌ನಲ್ಲಿ ಮಾಸ್‌ಹೆಲ್ತ್, ಮಿನ್ನೆಸೋಟದಲ್ಲಿ ಮೆಡಿಕಲ್ ಅಸಿಸ್ಟೆನ್ಸ್. ಮಿನ್ನೆಸೋಟ ಶಾಸನ ಸಂಹಿತೆಯ 256ಬಿ ಅಧ್ಯಾಯವೇ ಇದರ ಮೂಲ ಪಠ್ಯ.

ಈ ಕಾನೂನನ್ನು ಓದುವವರು ಒಂದು ಸಂಗತಿಯನ್ನು ಮನಸ್ಸಿನಲ್ಲಿಟ್ಟುಕೊಂಡರೆ ಮುಂದಿನ ಎಲ್ಲ ಉತ್ತರಗಳೂ ಸುಲಭವಾಗುತ್ತವೆ. ಅರ್ಜಿದಾರರು ಯಾವ ವರ್ಗಕ್ಕೆ ಸೇರಿದವರು ಎಂಬುದು ಮೊದಲು ತೀರ್ಮಾನವಾಗುತ್ತದೆ, ಆದಾಯದ ಲೆಕ್ಕ ಬರುವುದು ಆಮೇಲೆ. ಮಕ್ಕಳು, ಗರ್ಭಿಣಿಯರು, ಮಕ್ಕಳನ್ನು ಸಾಕುವ ತಂದೆತಾಯಿಗಳು, 65 ದಾಟಿದವರು, ಅಂಗವಿಕಲರು: ಮೂಲ ಕಾಯಿದೆ ಗುರುತಿಸಿದ್ದು ಮುಖ್ಯವಾಗಿ ಇವರನ್ನೇ. ಮಕ್ಕಳಿಲ್ಲದ ಆರೋಗ್ಯವಂತ ವಯಸ್ಕ ಎಷ್ಟೇ ಬಡವನಾಗಿದ್ದರೂ ಅವನಿಗೆ ಅದರಲ್ಲಿ ಸ್ಥಾನವಿರಲಿಲ್ಲ. 2010ರ ಅಫೋರ್ಡಬಲ್ ಕೇರ್ ಕಾಯಿದೆ ಆ ವರ್ಗವನ್ನೂ ಸೇರಿಸಿತು. ಆದರೆ 2012ರಲ್ಲಿ ಸುಪ್ರೀಂ ಕೋರ್ಟ್, ಈ ವಿಸ್ತರಣೆಯನ್ನು ಒಪ್ಪದ ರಾಜ್ಯದ ಹಳೆಯ ಮೆಡಿಕೇಡ್ ಅನುದಾನವನ್ನೂ ಕಿತ್ತುಕೊಳ್ಳುವ ಬೆದರಿಕೆ ಸಂವಿಧಾನಬಾಹಿರವೆಂದು ತೀರ್ಪಿತ್ತದ್ದರಿಂದ ವಿಸ್ತರಣೆ ರಾಜ್ಯಗಳ ಇಚ್ಛೆಗೆ ಬಿಟ್ಟ ವಿಷಯವಾಯಿತು. ಮಿನ್ನೆಸೋಟ ಒಪ್ಪಿತು, ಟೆಕ್ಸಸ್ ಸೇರಿದಂತೆ ಹತ್ತು ರಾಜ್ಯಗಳು ಇಂದಿಗೂ ಪೂರ್ಣವಾಗಿ ಒಪ್ಪಿಲ್ಲ.

ವಿಸ್ತರಿಸಿದ ರಾಜ್ಯಗಳಲ್ಲಿ ವಯಸ್ಕರ ಮಿತಿ ಒಕ್ಕೂಟ ಬಡತನ ರೇಖೆಯ ಶೇ 138. 2025ರಲ್ಲಿ ಒಬ್ಬರಿಗೆ ಈ ರೇಖೆ ವರ್ಷಕ್ಕೆ 15,650 ಡಾಲರ್ ಆಗಿತ್ತಾದ್ದರಿಂದ ಮಿತಿ ತಿಂಗಳಿಗೆ ಸುಮಾರು 1,800 ಡಾಲರ್ ಆಗುತ್ತದೆ. ನಿಮ್ಮ 1,500 ಅದರೊಳಗಿದೆ. ಟೆಕ್ಸಸ್‌ನಲ್ಲಿ ನಿಮ್ಮ ಚಿಕ್ಕಪ್ಪನ ಮಗನ ವರಮಾನ ಸೊನ್ನೆಯಾಗಿದ್ದರೂ ಅವರಿಗೆ ವರ್ಗವೇ ಇಲ್ಲ. ಅವರ ವರ್ಷದ ವರಮಾನ ಬಡತನ ರೇಖೆಯನ್ನು ಮುಟ್ಟಿದರೆ ವಿಮಾ ವಿನಿಮಯ ಕೇಂದ್ರದಲ್ಲಿ (ಖಾಸಗಿ ವಿಮೆಗಳ ಸರ್ಕಾರಿ ಮಾರುಕಟ್ಟೆಯಲ್ಲಿ) ಸಹಾಯಧನದೊಂದಿಗೆ ಖಾಸಗಿ ವಿಮೆ ಕೊಳ್ಳಬಹುದು, ಮುಟ್ಟದಿದ್ದರೆ ಅದೂ ಇಲ್ಲ. ಹೆಚ್ಚು ಬಡವನಾದವನಿಗೆ ಕಡಿಮೆ ನೆರವು ಎಂಬ ಈ ವಿಪರೀತವನ್ನು ಕಾಯಿದೆ ಬರೆದವರು ಉದ್ದೇಶಿಸಿರಲಿಲ್ಲ. ಎಲ್ಲ ರಾಜ್ಯಗಳೂ ವಿಸ್ತರಿಸುತ್ತವೆಂದು ನಂಬಿ ಬರೆದ ಕಾಯಿದೆಯಿಂದ ಆ ನಂಬಿಕೆಯನ್ನು ಮಾತ್ರ ತೆಗೆದುಹಾಕಿದ್ದರ ಫಲ ಅದು.

ಪ್ರಶ್ನೆ: ಎಚ್-1ಬಿ ಉದ್ಯೋಗ ವೀಸಾದಲ್ಲಿದ್ದ ನನ್ನ ಕೆಲಸ ಹೋಗಿದೆ. ಹೆಂಡತಿ ಅವಲಂಬಿತರ ಎಚ್-4 ವೀಸಾದಲ್ಲಿದ್ದು ಐದು ತಿಂಗಳ ಗರ್ಭಿಣಿ. ಮೂರು ವರ್ಷದ ಮಗಳು ಇಲ್ಲಿಯೇ ಹುಟ್ಟಿದವಳು. ಕಂಪನಿಯ ವಿಮೆ ತಿಂಗಳ ಕೊನೆಗೆ ಮುಗಿಯುತ್ತದೆ. ಅರ್ಜಿ ಹಾಕಬಹುದೇ? ಹಾಕಿದರೆ ಗ್ರೀನ್ ಕಾರ್ಡಿಗೆ ತೊಂದರೆಯಾಗುತ್ತದೆಯೇ?

ಉತ್ತರ: ಒಂದೇ ಮನೆಯ ಮೂವರಿಗೆ ಇಲ್ಲಿ ಮೂರು ಬೇರೆ ಬೇರೆ ಉತ್ತರಗಳಿವೆ.

ಮಗಳು ಅಮೆರಿಕದ ಪೌರಳು. ತಂದೆತಾಯಿಯ ವೀಸಾ ಸ್ಥಿತಿ ಅವಳ ಅರ್ಹತೆಗೆ ಅಡ್ಡಬರುವುದಿಲ್ಲ, ಅವರ ಆದಾಯ ಮಾತ್ರ ಲೆಕ್ಕಕ್ಕೆ ಬರುತ್ತದೆ. ಮಿನ್ನೆಸೋಟದಲ್ಲಿ ಎರಡರಿಂದ ಹದಿನೆಂಟು ವರ್ಷದವರೆಗಿನ ಮಕ್ಕಳ ಮಿತಿ ಬಡತನ ರೇಖೆಯ ಶೇ 275. ವಯಸ್ಕರ ಮಿತಿಗೆ ಹೋಲಿಸಿದರೆ ಇದು ಎರಡುಪಟ್ಟು. ಮಕ್ಕಳ ವಿಷಯದಲ್ಲಿ ಈ ರಾಜ್ಯದ ಕೈ ಧಾರಾಳವಾಗಿದೆ.

ನಿಮ್ಮ ಹೆಂಡತಿಗೂ ದಾರಿಯಿದೆ. ಕಾನೂನುಬದ್ಧವಾಗಿ ನೆಲೆಸಿರುವ ವಲಸಿಗ ಮಕ್ಕಳಿಗೂ ಗರ್ಭಿಣಿಯರಿಗೂ ಕಾಯುವ ಅವಧಿಯಿಲ್ಲದೆ ನೆರವು ನೀಡಲು 2009ರ ಕೇಂದ್ರ ಕಾಯಿದೆ ರಾಜ್ಯಗಳಿಗೆ ಅವಕಾಶ ಕೊಟ್ಟಿತು. ಮಿನ್ನೆಸೋಟ ಅದನ್ನು ಬಳಸಿಕೊಂಡಿದೆ. ಗರ್ಭಿಣಿಯರ ಮಿತಿ ಶೇ 278. ಹುಟ್ಟಲಿರುವ ಮಗುವನ್ನೂ ಕುಟುಂಬದ ಸದಸ್ಯರಾಗಿ ಎಣಿಸುವುದರಿಂದ ಅವರ ಮಟ್ಟಿಗೆ ನಿಮ್ಮದು ನಾಲ್ವರ ಕುಟುಂಬ. 2025ರ ರೇಖೆಯ ಪ್ರಕಾರ ಅದು ತಿಂಗಳಿಗೆ ಸುಮಾರು 7,450 ಡಾಲರ್ ಆಗುತ್ತದೆ. ಒಮ್ಮೆ ಮಂಜೂರಾದರೆ ಹೆರಿಗೆಯ ನಂತರ 12 ತಿಂಗಳವರೆಗೆ ಮುಂದುವರಿಯುತ್ತದೆ. ವೀಸಾ ಸ್ಥಿತಿ ಊರ್ಜಿತವಾಗಿರುವುದು ಮುಖ್ಯವಾದ್ದರಿಂದ, ಕೆಲಸ ಹೋದ ಬಳಿಕ ಸಿಗುವ ಹೆಚ್ಚೆಂದರೆ 60 ದಿನಗಳ ಅವಧಿಯೊಳಗೆ ವಲಸೆ ವಕೀಲರ ಜೊತೆ ಮುಂದಿನ ಹೆಜ್ಜೆಯನ್ನು ನಿಶ್ಚಯಿಸಿಕೊಳ್ಳಿ.

ನಿಮಗೆ ಮಾತ್ರ ಮೆಡಿಕಲ್ ಅಸಿಸ್ಟೆನ್ಸ್ ಸಿಗುವುದಿಲ್ಲ, ಏಕೆಂದರೆ ಎಚ್-1ಬಿ ವೀಸಾದಾರರು 1996ರ ಕೇಂದ್ರ ಕಾಯಿದೆ ಹೇಳುವ ‘ಅರ್ಹ ವಲಸಿಗ’ರ ಪಟ್ಟಿಯಲ್ಲಿಲ್ಲ. ಕಂಪನಿಯ ವಿಮೆಯನ್ನೇ ಸ್ವಂತ ಖರ್ಚಿನಲ್ಲಿ ಮುಂದುವರಿಸುವ ಕೋಬ್ರಾ ವ್ಯವಸ್ಥೆ ಒಂದು ದಾರಿ. ರಾಜ್ಯದ ವಿಮಾ ವಿನಿಮಯ ಕೇಂದ್ರವಾದ ಎಂಎನ್‌ಶೂರ್‌ನಲ್ಲಿ ವಿಮೆ ಕೊಳ್ಳುವುದು ಇನ್ನೊಂದು. ಎರಡಕ್ಕೂ 60 ದಿನಗಳ ಗಡುವಿದೆ. 2025ರ ಜುಲೈ 4ರಂದು ಸಹಿಯಾದ ಕೇಂದ್ರ ಕಾಯಿದೆಯ ಪ್ರಕಾರ 2027ರಿಂದ ಉದ್ಯೋಗ ವೀಸಾದಾರರಿಗೆ ವಿಮಾ ಸಹಾಯಧನ ಸಿಗುವುದಿಲ್ಲ ಎಂಬುದನ್ನೂ ಲೆಕ್ಕದಲ್ಲಿಡಿ.

ಅರ್ಜಿ ಹಾಕುವ ತಿಂಗಳನ್ನು ನೋಡಿ ಆರಿಸಿಕೊಳ್ಳಿ. ಹೊಸ ಅರ್ಜಿಯಲ್ಲಿ ಪರಿಶೀಲಿಸುವುದು ಸದ್ಯದ ಮಾಸಿಕ ಆದಾಯವನ್ನು. ಹೋದ ವರ್ಷದ ಸಂಬಳ ಎಷ್ಟೇ ಇದ್ದಿರಲಿ, ಅದು ಮುಖ್ಯವಾಗುವುದಿಲ್ಲ. ಕಂಪನಿ ಬಿಡುವಾಗ ಒಟ್ಟಿಗೆ ಕೊಟ್ಟ ಹಣವನ್ನು ಅದು ಕೈಸೇರಿದ ತಿಂಗಳಿಗಷ್ಟೇ ಸೇರಿಸಲಾಗುತ್ತದೆ. ಇನ್ನೂ ಒಂದು ಸೌಲಭ್ಯವನ್ನು ಅನೇಕರು ಬಳಸದೆ ಬಿಡುತ್ತಾರೆ. ಅರ್ಜಿಯ ತಿಂಗಳಿಗಿಂತ ಹಿಂದಿನ ಮೂರು ತಿಂಗಳಲ್ಲಿ ನೀವು ಅರ್ಹರಾಗಿದ್ದರೆ ಆ ಅವಧಿಯ ಆಸ್ಪತ್ರೆ ಬಿಲ್ಲುಗಳಿಗೂ ನೆರವು ಕೇಳಬಹುದು. 2027ರ ಜನವರಿಯಿಂದ ಈ ಹಿಂಬಾಕಿ ಅವಧಿ 2010ರ ಕಾಯಿದೆಯಿಂದ ಸೇರಿದ ವಿಸ್ತರಣಾ ವರ್ಗದ ವಯಸ್ಕರಿಗೆ ಒಂದು ತಿಂಗಳಿಗೂ ಉಳಿದವರಿಗೆ ಎರಡು ತಿಂಗಳಿಗೂ ಇಳಿಯಲಿದೆ.

ಗ್ರೀನ್ ಕಾರ್ಡಿನ ವಿಷಯಕ್ಕೆ ಬರೋಣ. ಸರ್ಕಾರಕ್ಕೆ ಹೊರೆಯಾಗುವವರಿಗೆ ಶಾಶ್ವತ ವಾಸ ನಿರಾಕರಿಸಬಹುದೆಂಬ ಹಳೆಯ ನಿಯಮವೊಂದಿದೆ. 2019ರ ನಿಯಮಾವಳಿ ವಯಸ್ಕರು ಪಡೆದ ಮೆಡಿಕೇಡನ್ನು ಆ ಲೆಕ್ಕಕ್ಕೆ ಸೇರಿಸಿತು, ಆದರೆ ಗರ್ಭಿಣಿಯರನ್ನು ಆಗಲೂ ಹೊರಗಿಟ್ಟಿತ್ತು. 2021ರಲ್ಲಿ ಅದು ರದ್ದಾಯಿತು. 2022ರ ಡಿಸೆಂಬರ್ 23ರಿಂದ ಜಾರಿಯಾದ ನಿಯಮವು ಸರ್ಕಾರಿ ಖರ್ಚಿನ ದೀರ್ಘಕಾಲೀನ ಸಂಸ್ಥಾ ಆರೈಕೆಯನ್ನು ಬಿಟ್ಟು ಉಳಿದ ಮೆಡಿಕೇಡನ್ನು ಕೈಬಿಟ್ಟಿತು. 2025ರ ನವೆಂಬರ್‌ನಲ್ಲಿ ಅದನ್ನೂ ಹಿಂತೆಗೆಯುವ ಪ್ರಸ್ತಾವ ಪ್ರಕಟವಾಯಿತು. ಸರ್ಕಾರ ಬದಲಾದಾಗಲೆಲ್ಲ ಬದಲಾಗುವ ಈ ವಿಷಯದಲ್ಲಿ, ಅರ್ಜಿ ಹಾಕುವ ದಿನ ಜಾರಿಯಲ್ಲಿರುವ ನಿಯಮವನ್ನು ವಲಸೆ ವಕೀಲರಿಂದಲೇ ಖಚಿತಪಡಿಸಿಕೊಳ್ಳಬೇಕು. ಗೆಳೆಯರ ವಾಟ್ಸ್‌ಆ್ಯಪ್ ಗುಂಪಿನ ಮಾತು ಇಲ್ಲಿ ಸಾಲದು. ಆ ಭಯದಿಂದ ಪೌರಳಾದ ಮಗಳ ಅರ್ಜಿಯನ್ನೇ ತಡೆಹಿಡಿಯುವುದು ನನ್ನ ದೃಷ್ಟಿಯಲ್ಲಿ ಸರಿಯಾದ ನಿರ್ಧಾರವಲ್ಲ.

ಪ್ರಶ್ನೆ: ನನ್ನ ತಾಯಿಗೆ 68 ವರ್ಷ. ಕಳೆದ ವರ್ಷ ನನ್ನ ಪ್ರಾಯೋಜಕತ್ವದಲ್ಲಿ ಗ್ರೀನ್ ಕಾರ್ಡ್ ಪಡೆದು ಪ್ಲಿಮತ್‌ನಲ್ಲಿ ನಮ್ಮೊಂದಿಗಿದ್ದಾರೆ. ಅವರಿಗೆ ಸ್ವಂತ ಆದಾಯವೇ ಇಲ್ಲ. ಅವರಿಗೇಕೆ ಸಿಗುವುದಿಲ್ಲ? ಪ್ರವಾಸಿ ವೀಸಾದಲ್ಲಿ ಬರಲಿರುವ ಅತ್ತೆಯವರಿಗೆ ಏನು ಮಾಡಬೇಕು?

ಉತ್ತರ: ನಿಮ್ಮ ತಾಯಿಯವರಿಗೆ ವಯಸ್ಸಿನ ವರ್ಗವೂ ಇದೆ, ಆದಾಯವೂ ಮಿತಿಯೊಳಗಿದೆ; ಅಡ್ಡಬಂದಿರುವುದು 1996ರ ಕಲ್ಯಾಣ ಸುಧಾರಣಾ ಕಾಯಿದೆ. ಆ ವರ್ಷದ ಆಗಸ್ಟ್ 22ರಂದು ಅಥವಾ ಆನಂತರ ಬಂದ ಗ್ರೀನ್ ಕಾರ್ಡ್‌ದಾರರು, ಕೆಲವು ವಿನಾಯಿತಿಗಳನ್ನು ಬಿಟ್ಟರೆ, ಐದು ವರ್ಷ ಕಾಯಲೇಬೇಕು.

ಐದು ವರ್ಷ ಮುಗಿದೊಡನೆ ಬಾಗಿಲು ತೆರೆಯುತ್ತದೆಂದು ಭಾವಿಸಿದವರು ಅನಂತರ ಇನ್ನೊಂದು ತೊಡಕನ್ನು ಎದುರಿಸುತ್ತಾರೆ. ಪ್ರಾಯೋಜಕರಾಗಿ, ತಾಯಿಯವರನ್ನು ಪೋಷಿಸುವ ಹೊಣೆ ಹೊತ್ತು ನೀವು ಸಹಿ ಹಾಕಿದ ಐ-864 ಎಂಬ ಪ್ರಮಾಣಪತ್ರ ಬರಿಯ ಔಪಚಾರಿಕ ಕಾಗದವಲ್ಲ. ಸರ್ಕಾರ ನ್ಯಾಯಾಲಯದಲ್ಲಿ ಜಾರಿ ಮಾಡಿಸಬಲ್ಲ ಕರಾರು. ತಾಯಿಯವರು ಅರ್ಜಿ ಹಾಕಿದಾಗ ನಿಮ್ಮ ಆದಾಯವನ್ನೂ ಆಸ್ತಿಯನ್ನೂ ಅವರದೆಂದೇ ಭಾವಿಸಿ ಲೆಕ್ಕ ಹಾಕಲಾಗುತ್ತದೆ. ಮಿನ್ನೆಸೋಟ ಶಾಸನದ 256ಬಿ.06ನೇ ಕಲಮಿನ ಐದನೆಯ ಉಪಕಲಮು ಇದನ್ನೇ ಹೇಳುತ್ತದೆ. ಅವರು ಪೌರತ್ವ ಪಡೆಯುವವರೆಗೆ ಅಥವಾ ಸಾಮಾಜಿಕ ಭದ್ರತೆಯ ಲೆಕ್ಕದಲ್ಲಿ 40 ತ್ರೈಮಾಸಿಕಗಳ ದುಡಿಮೆ ಅವರ ಹೆಸರಿಗೆ ಜಮೆಯಾಗುವವರೆಗೆ ಈ ಬಂಧನ ಮುಂದುವರಿಯುತ್ತದೆ. ಎಪ್ಪತ್ತರ ಅಂಚಿನ ತಾಯಿ ಹತ್ತು ವರ್ಷ ದುಡಿಯುವ ಪ್ರಶ್ನೆಯಿಲ್ಲವಾದ್ದರಿಂದ ನಿಜವಾದ ದಾರಿ ಪೌರತ್ವವೊಂದೇ. ಶಾಶ್ವತ ನಿವಾಸಿಯಾಗಿ ಐದು ವರ್ಷ ತುಂಬಿದ ಮೇಲೆ ಅದಕ್ಕೆ ಅರ್ಹತೆ ಬರುವುದರಿಂದ, ಊರಿಗೆ ಹೋಗಿ ಆರು ತಿಂಗಳಿಗೂ ಹೆಚ್ಚು ಕಾಲ ಉಳಿದು ವಾಸದ ಅವಧಿಗೆ ಭಂಗ ತಂದುಕೊಳ್ಳದಿರಲಿ.

ಅಲ್ಲಿಯವರೆಗೆ ಎಂಎನ್‌ಶೂರ್ ಮೂಲಕ ಖಾಸಗಿ ವಿಮೆ ಕೊಳ್ಳಬಹುದು. ಐದು ವರ್ಷದ ತಡೆಯಿಂದಾಗಿ ಮೆಡಿಕೇಡ್ ಸಿಗದ ಬಡ ವಲಸಿಗರಿಗೆ ಅಲ್ಲಿ ಸಿಗುತ್ತಿದ್ದ ವಿಶೇಷ ಸಹಾಯಧನ 2026ರ ಆರಂಭಕ್ಕೆ ಕೊನೆಗೊಂಡಿದೆ. ನಿಮ್ಮ ತೆರಿಗೆ ವಿವರಪಟ್ಟಿಯಲ್ಲಿ ಅವರನ್ನು ಅವಲಂಬಿತರೆಂದು ತೋರಿಸಿದ್ದರೆ ಲೆಕ್ಕಕ್ಕೆ ಬರುವುದು ನಿಮ್ಮ ಮನೆಯ ಒಟ್ಟು ಆದಾಯ. 65 ದಾಟಿದ ಗ್ರೀನ್ ಕಾರ್ಡ್‌ದಾರರು ಐದು ವರ್ಷ ನಿರಂತರ ವಾಸದ ಬಳಿಕ ಹಣ ಕಟ್ಟಿ, ಹಿರಿಯರ ಕೇಂದ್ರ ಆರೋಗ್ಯ ವಿಮೆಯಾದ ಮೆಡಿಕೇರ್ ಸೇರಬಹುದು, ಅದು ಅಗ್ಗವಲ್ಲ.

ಜೀವಕ್ಕೆ ಅಪಾಯ ಬಂದಾಗ ಕಾನೂನು ತುಸು ಮೆತ್ತಗಾಗುತ್ತದೆ. ತಕ್ಷಣ ಚಿಕಿತ್ಸೆ ದೊರೆಯದಿದ್ದರೆ ಪ್ರಾಣಕ್ಕೋ ಅಂಗಕ್ಕೋ ಗಂಭೀರ ಹಾನಿಯಾಗುವ ಸ್ಥಿತಿಯಲ್ಲಿ, ವಲಸೆ ಸ್ಥಿತಿಯ ಕಾರಣಕ್ಕೆ ಮಾತ್ರ ಅನರ್ಹರಾದವರಿಗೆ ತುರ್ತು ಮೆಡಿಕಲ್ ಅಸಿಸ್ಟೆನ್ಸ್ ಇದೆ. ಅಂಗಾಂಗ ಕಸಿ ಅದರಲ್ಲಿ ಸೇರಿಲ್ಲ. ಆದರೆ ಅದಕ್ಕೂ ರಾಜ್ಯದ ನಿವಾಸಿಯಾಗಿರಬೇಕು. ಮರಳಿ ಹೋಗುವ ಉದ್ದೇಶದಿಂದ ಪ್ರವಾಸಿ ವೀಸಾದಲ್ಲಿ ಬರುವ ನಿಮ್ಮ ಅತ್ತೆಯವರು ಸಾಮಾನ್ಯವಾಗಿ ನಿವಾಸಿಯಾಗುವುದಿಲ್ಲವಾದ್ದರಿಂದ, ಹೊರಡುವ ಮೊದಲೇ ಹಳೆಯ ಕಾಯಿಲೆಗಳ ಷರತ್ತನ್ನು ಓದಿ ಪ್ರಯಾಣ ವಿಮೆ ಮಾಡಿಸಿ. ಮೆಡಿಕೇರ್ ಹಣ ಪಡೆಯುವ ಯಾವ ಆಸ್ಪತ್ರೆಯ ತುರ್ತು ವಿಭಾಗವೂ ಹಣವಿಲ್ಲವೆಂದು ರೋಗಿಯನ್ನು ತಪಾಸಣೆ ಮಾಡದೆ, ಸ್ಥಿತಿಯನ್ನು ಸ್ತಿಮಿತಕ್ಕೆ ತರದೆ ಹಿಂದೆ ಕಳುಹಿಸುವಂತಿಲ್ಲವೆಂದು 1986ರ ಕಾಯಿದೆ ವಿಧಿಸುತ್ತದೆ. ಬಿಲ್ಲು ಮನ್ನಾ ಆಗುತ್ತದೆಂದು ಅದು ಎಲ್ಲಿಯೂ ಹೇಳುವುದಿಲ್ಲ. ಬಿಲ್ಲು ಬಂದ ಮೇಲೆ, ಲಾಭರಹಿತ ಆಸ್ಪತ್ರೆಯಾಗಿದ್ದರೆ, ಅದರ ಲಿಖಿತ ಆರ್ಥಿಕ ನೆರವಿನ ನೀತಿಯ ಪ್ರತಿಯನ್ನು ಕೇಳಿ ಪಡೆಯಿರಿ. ಚಿಕಿತ್ಸೆಯ ನಂತರದ ಮೊದಲ ಬಿಲ್ಲಿನ ದಿನಾಂಕದಿಂದ ಕನಿಷ್ಠ 240 ದಿನಗಳವರೆಗೆ ಅಂತಹ ಅರ್ಜಿಯನ್ನು ಆಸ್ಪತ್ರೆ ಸ್ವೀಕರಿಸಲೇಬೇಕು.

ಪ್ರಶ್ನೆ: ನಮ್ಮ ಆರು ವರ್ಷದ ಮಗನಿಗೆ ಆಟಿಸಂ ಇದೆ. ಇಬ್ಬರಿಗೂ ಒಳ್ಳೆಯ ಸಂಬಳವಿರುವುದರಿಂದ ನಮಗೆ ಅರ್ಹತೆಯಿಲ್ಲವೆಂದು ತಿಳಿದು ಅರ್ಜಿಯನ್ನೇ ಹಾಕಿಲ್ಲ. ಖಾಸಗಿ ವಿಮೆ ಚಿಕಿತ್ಸೆಯ ಒಂದು ಪಾಲನ್ನಷ್ಟೇ ಕೊಡುತ್ತದೆ. ಸರಿಯೇ?

ಉತ್ತರ: ಸರಿಯಲ್ಲ, ಬೇಗನೆ ಅರ್ಜಿ ಹಾಕಿ.

ಇದರ ಹಿಂದೆ ಒಂದು ಕಥೆಯಿದೆ. ಅಯೋವಾ ರಾಜ್ಯದ ಕೇಟೀ ಬೆಕೆಟ್ ಎಂಬ ಪುಟ್ಟ ಹುಡುಗಿ ಮಿದುಳಿನ ಉರಿಯೂತದಿಂದ ಉಸಿರಾಟದ ಯಂತ್ರವನ್ನು ಅವಲಂಬಿಸುವಂತಾಯಿತು. ಆಸ್ಪತ್ರೆಯಲ್ಲಿರುವವರೆಗೆ ಮೆಡಿಕೇಡ್ ಖರ್ಚು ಭರಿಸುತ್ತಿತ್ತು. ಮನೆಗೆ ಕರೆತಂದರೆ ತಂದೆತಾಯಿಯ ಆದಾಯ ಲೆಕ್ಕಕ್ಕೆ ಬಂದು ನೆರವು ನಿಂತುಹೋಗುತ್ತಿತ್ತು. ಮನೆಯಲ್ಲಿ ನೋಡಿಕೊಳ್ಳುವುದು ಎಷ್ಟೋ ಅಗ್ಗವಾಗಿದ್ದರೂ ನಿಯಮ ಮಗುವನ್ನು ಆಸ್ಪತ್ರೆಯಲ್ಲೇ ಕಟ್ಟಿಹಾಕಿತ್ತು. 1981ರ ನವೆಂಬರ್‌ನಲ್ಲಿ ಅಧ್ಯಕ್ಷ ರೇಗನ್ ಪತ್ರಿಕಾಗೋಷ್ಠಿಯಲ್ಲೇ ಇದನ್ನು ಪ್ರಸ್ತಾಪಿಸಿದರು. 1982ರ ಟೆಫ್ರಾ ಕಾಯಿದೆ, ಆಸ್ಪತ್ರೆಯ ಮಟ್ಟದ ಆರೈಕೆ ಬೇಕಾಗಿಯೂ ಮನೆಯಲ್ಲಿರುವ ಅಂಗವಿಕಲ ಮಕ್ಕಳ ವಿಷಯದಲ್ಲಿ ತಂದೆತಾಯಿಯ ಆದಾಯವನ್ನು ಬದಿಗಿಡಲು ರಾಜ್ಯಗಳಿಗೆ ಅವಕಾಶ ನೀಡಿತು.

ಮಿನ್ನೆಸೋಟ ಈ ಆಯ್ಕೆಯನ್ನು ಜಾರಿಗೊಳಿಸಿದೆ. ರಾಜ್ಯ ವೈದ್ಯಕೀಯ ಪರಿಶೀಲನಾ ತಂಡ ಅಂಗವೈಕಲ್ಯವನ್ನು ದೃಢೀಕರಿಸಬೇಕು, ಆರೈಕೆಯ ಅಗತ್ಯ ನಿಗದಿತ ಮಟ್ಟದ್ದಾಗಿರಬೇಕು. ಮೊದಲು ಹೆಚ್ಚು ಆದಾಯದ ತಂದೆತಾಯಿಗಳು ಪ್ರತಿ ತಿಂಗಳೂ ಶುಲ್ಕ ಕಟ್ಟಬೇಕಾಗಿತ್ತು. 2023ರ ಜುಲೈ 1ರಿಂದ ರಾಜ್ಯ ಅದನ್ನು ರದ್ದುಪಡಿಸಿದೆ. ಖಾಸಗಿ ವಿಮೆಯನ್ನು ಬಿಡಬೇಕಿಲ್ಲ. ಅದು ಮೊದಲು ಕೊಡುತ್ತದೆ, ಮೆಡಿಕಲ್ ಅಸಿಸ್ಟೆನ್ಸ್ ಆಮೇಲೆ.

ಮಂಜೂರಾದ ನಂತರ ಇನ್ನೊಂದು ಹಕ್ಕು ಜೊತೆಗೂಡುತ್ತದೆ. 21 ವರ್ಷದೊಳಗಿನ ಮೆಡಿಕೇಡ್ ಮಕ್ಕಳಿಗೆ ನಿಯತ ತಪಾಸಣೆಯನ್ನೂ, ಅದರಲ್ಲಿ ಕಂಡುಬಂದ ತೊಂದರೆಗೆ ವೈದ್ಯಕೀಯವಾಗಿ ಅಗತ್ಯವಾದ ಚಿಕಿತ್ಸೆಯನ್ನೂ ರಾಜ್ಯ ನೀಡಲೇಬೇಕೆಂದು ಕೇಂದ್ರ ಕಾನೂನು 1967ರಿಂದಲೂ ಹೇಳುತ್ತಿದ್ದು, 1989ರಲ್ಲಿ ಅದನ್ನು ಇನ್ನಷ್ಟು ಬಿಗಿಗೊಳಿಸಲಾಯಿತು. ವಯಸ್ಕರಿಗೆ ರಾಜ್ಯ ಕೊಡದ ಸೇವೆಯಾದರೂ, ಕೇಂದ್ರ ಕಾಯಿದೆಯ ಸೇವಾಪಟ್ಟಿಯೊಳಗಿದ್ದರೆ ಮಗುವಿಗೆ ಕೊಡಬೇಕು. ‘ಈ ಸೇವೆ ನಮ್ಮ ಯೋಜನೆಯಲ್ಲಿಲ್ಲ’ ಎಂಬ ಉತ್ತರ ಬಂದರೆ, ‘ಇದು ವೈದ್ಯಕೀಯವಾಗಿ ಅಗತ್ಯವಿಲ್ಲವೆಂದು ಯಾರು, ಯಾವ ಆಧಾರದ ಮೇಲೆ ತೀರ್ಮಾನಿಸಿದರು’ ಎಂದು ಲಿಖಿತವಾಗಿ ಕೇಳಿ. ಮಗುವಿನ ವೈದ್ಯರು ಬರೆದ ವಿವರವಾದ ಪತ್ರ ಇಲ್ಲಿ ಯಾವ ವಕೀಲನ ವಾದಕ್ಕಿಂತಲೂ ಹೆಚ್ಚು ಕೆಲಸಕ್ಕೆ ಬರುತ್ತದೆ.

ಪ್ರಶ್ನೆ: ನಾನು 1974ರಲ್ಲಿ ಬಂದು ಇಲ್ಲಿಯೇ ಪೌರನಾಗಿ ನೆಲೆಸಿದವನು. ಹೆಂಡತಿಗೆ ಮರೆವಿನ ಕಾಯಿಲೆ ಹೆಚ್ಚುತ್ತಿದ್ದು, ಮುಂದೆ ವೃದ್ಧರ ಆರೈಕೆ ಕೇಂದ್ರಕ್ಕೆ ಸೇರಿಸಬೇಕಾಗಬಹುದು. ಮೆಡಿಕಲ್ ಅಸಿಸ್ಟೆನ್ಸ್ ಪಡೆದರೆ ಸರ್ಕಾರ ಮನೆಯನ್ನು ಕಿತ್ತುಕೊಳ್ಳುತ್ತದೆಂದು ಕೆಲವರು ಹೆದರಿಸುತ್ತಿದ್ದಾರೆ. ಈಗಲೇ ಮನೆಯನ್ನು ಮಗನ ಹೆಸರಿಗೆ ಬರೆದುಬಿಡಲೇ?

ಉತ್ತರ: ದಯವಿಟ್ಟು ಅವಸರದಲ್ಲಿ ಬರೆದುಕೊಡಬೇಡಿ. ಈ ಸಲಹೆಯನ್ನು ಸದುದ್ದೇಶದಿಂದ ಕೊಡುವವರೇ ಹೆಚ್ಚಾದರೂ ಇದರಿಂದ ಆಗುವ ಹಾನಿ ದೊಡ್ಡದು.

ಮೆಡಿಕೇರ್ ಇದೆಯಲ್ಲ ಎಂದು ಬಹಳ ಹಿರಿಯರು ನಿಶ್ಚಿಂತರಾಗಿರುತ್ತಾರೆ. ಅದು ಆಸ್ಪತ್ರೆಯ ಒಳರೋಗಿಯಾಗಿದ್ದು ಬಂದ ನಂತರದ ಶುಶ್ರೂಷೆಗೆ ಹೆಚ್ಚೆಂದರೆ 100 ದಿನಗಳವರೆಗೆ ಕೊಡುತ್ತದೆ. ಸ್ನಾನ, ಊಟ, ಉಡುಗೆಗಳಿಗೆ ವರ್ಷಗಟ್ಟಲೆ ಬೇಕಾಗುವ ಆಸರೆ ಅದರ ವ್ಯಾಪ್ತಿಯಲ್ಲಿಲ್ಲ. ಹೀಗಾಗಿಯೇ ಜೀವಮಾನವಿಡೀ ಮಧ್ಯಮ ವರ್ಗದವರಾಗಿದ್ದವರೂ ಕೊನೆಗೆ ಬಡವರಿಗೆಂದು ಮಾಡಿದ ಕಾನೂನಿನ ಬಾಗಿಲಿಗೆ ಬರುತ್ತಾರೆ. ಇಲ್ಲಿ ಆದಾಯದ ಜೊತೆಗೆ ಆಸ್ತಿಯ ಮಿತಿಯೂ ಇದೆ: ಮಿನ್ನೆಸೋಟದಲ್ಲಿ ಒಬ್ಬ ವೃದ್ಧರಿಗೆ 3,000 ಡಾಲರ್.

ಆದರೆ ಮನೆಯಲ್ಲುಳಿಯುವ ಸಂಗಾತಿ ಬೀದಿಪಾಲಾಗಬಾರದೆಂದು 1988ರ ಕೇಂದ್ರ ಕಾಯಿದೆ ರಕ್ಷಣೆ ಒದಗಿಸಿದೆ. ನೀವು ವಾಸಿಸುತ್ತಿರುವವರೆಗೆ ಮನೆಯನ್ನು ಹೆಂಡತಿಯ ಅರ್ಹತೆಯ ಲೆಕ್ಕಕ್ಕೆ ಸೇರಿಸುವುದಿಲ್ಲ. ಅದರ ಮೇಲೆ ದಂಪತಿಗಳ ಉಳಿತಾಯದಲ್ಲಿ ಒಂದು ಪಾಲನ್ನು ನಿಮಗೆಂದು ಉಳಿಸಿಕೊಳ್ಳಬಹುದು. 2025ರಲ್ಲಿ ಕೇಂದ್ರ ನಿಗದಿಪಡಿಸಿದ ಗರಿಷ್ಠ ಮಿತಿ 1,57,920 ಡಾಲರ್.

ಮಗನಿಗೆ ದಾನ ಮಾಡಿದರೆ ಏನಾಗುತ್ತದೆಂದು ನೋಡಿ. ಅರ್ಜಿಯ ದಿನದಿಂದ ಹಿಂದಕ್ಕೆ 60 ತಿಂಗಳಲ್ಲಿ ಮಾಡಿದ ಪ್ರತಿಯೊಂದು ದಾನವನ್ನೂ ಕೌಂಟಿಯ (ರಾಜ್ಯದೊಳಗಿನ ಜಿಲ್ಲೆಯ) ಅಧಿಕಾರಿಗಳು ಪರಿಶೀಲಿಸುತ್ತಾರೆ. ಕೊಟ್ಟ ಆಸ್ತಿಯ ಮೌಲ್ಯವನ್ನು ರಾಜ್ಯದ ಸರಾಸರಿ ಮಾಸಿಕ ಆರೈಕೆ ವೆಚ್ಚದಿಂದ ಭಾಗಿಸಿ ಬಂದಷ್ಟು ತಿಂಗಳು ದೀರ್ಘಕಾಲೀನ ಆರೈಕೆಗೆ ನೆರವು ನಿಲ್ಲುತ್ತದೆ. ಲೆಕ್ಕ ತಿಳಿಯಲೆಂದು ಹೇಳುವುದಾದರೆ, ಮೂರು ವರ್ಷದ ಹಿಂದೆ 90,000 ಡಾಲರ್ ಕೊಟ್ಟಿದ್ದು, ಸರಾಸರಿ ವೆಚ್ಚ 9,000 ಎಂದಿಟ್ಟುಕೊಂಡರೆ ಹತ್ತು ತಿಂಗಳ ತಡೆ. ಆ ಹತ್ತು ತಿಂಗಳು ದಾನ ಕೊಟ್ಟ ದಿನದಿಂದ ಶುರುವಾಗಿ ಎಂದೋ ಮುಗಿದಿರಬೇಕಲ್ಲವೇ ಎಂದು ಕೇಳುವವರಿದ್ದಾರೆ. 2006ರ ಫೆಬ್ರವರಿಯಲ್ಲಿ ಸಹಿಯಾದ ತಿದ್ದುಪಡಿ ಆ ದಾರಿಯನ್ನು ಮುಚ್ಚಿತು. ಕೈಯಲ್ಲಿದ್ದ ಹಣ ಕರಗಿ, ಆರೈಕೆ ಕೇಂದ್ರದಲ್ಲಿದ್ದು, ಅರ್ಜಿ ಹಾಕಿ, ಬೇರೆಲ್ಲ ರೀತಿಯಲ್ಲಿ ಅರ್ಹರಾದ ಮೇಲೆಯೇ ತಡೆಯ ಅವಧಿ ಆರಂಭವಾಗುತ್ತದೆ. ಹಣವೂ ಇಲ್ಲ, ನೆರವೂ ಇಲ್ಲ ಎಂಬ ಸ್ಥಿತಿಗೆ ಕುಟುಂಬಗಳು ಸಿಕ್ಕಿಬೀಳುವುದು ಹೀಗೆ.

ತಡೆಯಿಲ್ಲದ ವರ್ಗಾವಣೆಗಳೂ ಕಾಯಿದೆಯಲ್ಲೇ ಇವೆ. ಸಂಗಾತಿಗೆ ಕೊಡುವುದು, 21 ವರ್ಷದೊಳಗಿನ ಅಥವಾ ಅಂಗವಿಕಲ ಮಗುವಿಗೆ ಮನೆ ಕೊಡುವುದು, ಆರೈಕೆ ಕೇಂದ್ರ ಸೇರುವ ಮೊದಲು ಕನಿಷ್ಠ ಎರಡು ವರ್ಷ ಅದೇ ಮನೆಯಲ್ಲಿದ್ದು ಸೇವೆ ಮಾಡಿ, ಅದರಿಂದಾಗಿಯೇ ಕೇಂದ್ರ ಸೇರುವುದನ್ನು ಮುಂದೂಡಿದ ಮಗನಿಗೋ ಮಗಳಿಗೋ ಮನೆ ಕೊಡುವುದು ಇವುಗಳಲ್ಲಿ ಮುಖ್ಯವಾದವು. ಮೂರನೆಯದಕ್ಕೆ ವೈದ್ಯರ ಪತ್ರ, ವಾಸದ ಪುರಾವೆ ಎಲ್ಲವೂ ಬೇಕು.

ಇನ್ನು ‘ಕಿತ್ತುಕೊಳ್ಳುವ’ ಮಾತು. ಜೀವಂತರಿರುವ ಸಂಗಾತಿಯನ್ನು ಮನೆಯಿಂದ ಯಾರೂ ಹೊರಹಾಕುವುದಿಲ್ಲ. 55 ದಾಟಿದವರಿಗೆ ದೀರ್ಘಕಾಲೀನ ಆರೈಕೆಗಾಗಿ ಮಾಡಿದ ವೆಚ್ಚವನ್ನು ಅವರ ಮರಣಾನಂತರ ಉಳಿದ ಆಸ್ತಿಯಿಂದ ವಸೂಲು ಮಾಡಬೇಕೆಂದು 1993ರಲ್ಲಿ ಕೇಂದ್ರವೇ ರಾಜ್ಯಗಳಿಗೆ ಕಡ್ಡಾಯಗೊಳಿಸಿತು. ಮಿನ್ನೆಸೋಟದಲ್ಲಿ ಇದು 256ಬಿ.15ನೇ ಕಲಮು. ಸಂಗಾತಿ ಬದುಕಿರುವವರೆಗೆ ವಸೂಲಿ ಇಲ್ಲ. ಅವರೂ ತೀರಿಕೊಂಡ ಮೇಲೆ ಅವರ ಆಸ್ತಿಯ ಮೇಲೂ ರಾಜ್ಯ ಹಕ್ಕು ಮಂಡಿಸುತ್ತದೆ. ಅದಕ್ಕೂ ಎಲ್ಲೆಯಿದೆ. ನೆರವು ಪಡೆದ ಹೆಂಡತಿ ಬದುಕಿದ್ದಾಗಲೇ ಜಂಟಿ ಮನೆಯ ತನ್ನ ಪಾಲನ್ನು ಗಂಡನಿಗೆ ವರ್ಗಾಯಿಸಿದ್ದ ಬಾರ್ಗ್ ಪ್ರಕರಣದಲ್ಲಿ, ಮರಣದ ವೇಳೆ ಆಕೆಗೆ ಆ ಮನೆಯಲ್ಲಿ ಹಕ್ಕೇ ಉಳಿದಿರಲಿಲ್ಲವಾದ್ದರಿಂದ ಗಂಡನ ಆಸ್ತಿಯಿಂದ ವಸೂಲು ಮಾಡಲಾಗದೆಂದು ರಾಜ್ಯದ ಸುಪ್ರೀಂ ಕೋರ್ಟ್ 2008ರಲ್ಲಿ ತೀರ್ಪಿತ್ತಿತು. ನಿಮ್ಮ ಹೆಂಡತಿಗೆ ಸಹಿ ಹಾಕುವ ಮಾನಸಿಕ ಸಾಮರ್ಥ್ಯ ಇರುವಾಗಲೇ ಹಿರಿಯರ ಕಾನೂನಿನಲ್ಲಿ ಪಳಗಿದ ವಕೀಲರನ್ನು ಕಂಡು, ಅಧಿಕಾರಪತ್ರ ಬರೆಸುವುದು ಮಗನ ಹೆಸರಿಗೆ ದಾನಪತ್ರ ಬರೆಯುವುದಕ್ಕಿಂತ ತುರ್ತಿನ ಕೆಲಸ.

ಮಕ್ಕಳಿಗೆ ಅಷ್ಟು ಧಾರಾಳವಾದ ಕಾನೂನು ವೃದ್ಧರ ಮನೆಯ ಮೇಲೆ ಕಣ್ಣಿಡುವುದು ನನಗೆ ಹಿಡಿಸಿದ ಸಂಗತಿಯಲ್ಲ. ಅದನ್ನು ಬದಲಿಸಬೇಕಾದವರು ಅಮೆರಿಕದ ಸಂಸತ್ತಾದ ಕಾಂಗ್ರೆಸ್ಸಿನ ಸದಸ್ಯರು. ಕೌಂಟಿ ಕಚೇರಿಯ ಗುಮಾಸ್ತರೊಡನೆ ಜಗಳವಾಡಿ ಪ್ರಯೋಜನವಿಲ್ಲ.

ಪ್ರಶ್ನೆ: ಕೆಲಸ ಮಾಡದಿದ್ದರೆ ನೆರವು ನಿಲ್ಲುತ್ತದೆಂಬ ಹೊಸ ನಿಯಮ ಎಲ್ಲರಿಗೂ ಅನ್ವಯಿಸುತ್ತದೆಯೇ?

ಉತ್ತರ: ಇಲ್ಲ. 2025ರ ಕಾಯಿದೆಯ ಈ ಷರತ್ತು 19ರಿಂದ 64 ವರ್ಷದ ವಿಸ್ತರಣಾ ವರ್ಗದ ವಯಸ್ಕರಿಗೆ ಮಾತ್ರ; ತಡವೆಂದರೆ 2027ರ ಜನವರಿ 1ರೊಳಗೆ ರಾಜ್ಯಗಳು ಜಾರಿಗೆ ತರಬೇಕು. ತಿಂಗಳಿಗೆ 80 ಗಂಟೆಗಳ ಕೆಲಸ, ತರಬೇತಿ ಅಥವಾ ಸಮುದಾಯ ಸೇವೆ, ಇಲ್ಲವೇ ಕನಿಷ್ಠ ಅರ್ಧಕಾಲಿಕ ವ್ಯಾಸಂಗ ತೋರಿಸಬೇಕು. ಕೇಂದ್ರದ ಕನಿಷ್ಠ ವೇತನದ ಲೆಕ್ಕದಲ್ಲಿ ತಿಂಗಳಿಗೆ 580 ಡಾಲರ್ ಸಂಪಾದನೆಯಿದ್ದರೂ ಸಾಕು. 13 ವರ್ಷ ಅಥವಾ ಅದಕ್ಕಿಂತ ಚಿಕ್ಕ ಮಕ್ಕಳ ತಂದೆತಾಯಿ, ಗರ್ಭಿಣಿಯರು, ತೀವ್ರ ಅನಾರೋಗ್ಯವಿರುವವರು ಮುಂತಾದವರಿಗೆ ವಿನಾಯಿತಿಯಿದೆ. ಇದೇ ವರ್ಗದವರ ಅರ್ಹತೆಯನ್ನು ವರ್ಷಕ್ಕೊಮ್ಮೆಯ ಬದಲು ಆರು ತಿಂಗಳಿಗೊಮ್ಮೆ ಪರಿಶೀಲಿಸಲಾಗುತ್ತದೆ. 2018ರಲ್ಲಿ ಅರ್ಕನ್ಸಾಸ್ ಇಂಥದೇ ಷರತ್ತು ಹಾಕಿದಾಗ ಕೆಲವೇ ತಿಂಗಳಲ್ಲಿ 18,000ಕ್ಕೂ ಹೆಚ್ಚು ಜನ ನೆರವು ಕಳೆದುಕೊಂಡರು, 2019ರ ಮಾರ್ಚ್‌ನಲ್ಲಿ ನ್ಯಾಯಾಲಯ ಅದನ್ನು ತಡೆಯಿತು. ಅವರಲ್ಲಿ ದುಡಿಯುತ್ತಿದ್ದರೂ ಅದನ್ನು ವರದಿ ಮಾಡಲಾಗದವರೂ ಇದ್ದರು. ಸಂಬಳದ ಚೀಟಿಗಳನ್ನು ಈಗಿನಿಂದಲೇ ಜೋಪಾನವಾಗಿಡಿ.

ಪ್ರಶ್ನೆ: ನವೀಕರಣದ ಕಾಗದ ಹಳೆಯ ವಿಳಾಸಕ್ಕೆ ಹೋಗಿ, ನನಗೆ ಸಿಗದೆ, ಈಗ ನೆರವು ನಿಲ್ಲಿಸುವ ನೋಟಿಸ್ ಬಂದಿದೆ. ಏನು ಮಾಡಲಿ?

ಉತ್ತರ: ಕೊರೋನಾ ಕಾಲದಲ್ಲಿ ಸ್ಥಗಿತವಾಗಿದ್ದ ನವೀಕರಣ 2023ರ ಏಪ್ರಿಲ್‌ನಿಂದ ಮತ್ತೆ ಆರಂಭವಾದಾಗ ದೇಶದಾದ್ಯಂತ ಎರಡೂವರೆ ಕೋಟಿಗೂ ಹೆಚ್ಚು ಜನರ ಹೆಸರು ಕಳಚಿತು, ಬಹುಪಾಲು ಪ್ರಕರಣಗಳಲ್ಲಿ ಕಾರಣ ಅನರ್ಹತೆಯಲ್ಲ, ಬಾರದ ಕಾಗದ ಅಥವಾ ತುಂಬದ ನಮೂನೆ. ನಿಮ್ಮದೂ ಅದೇ ಸಾಲಿನದು.

ನೋಟಿಸಿನಲ್ಲಿ ಎರಡು ದಿನಾಂಕಗಳನ್ನು ಗುರುತಿಸಿ: ಅದನ್ನು ಬರೆದ ದಿನ, ನೆರವು ನಿಲ್ಲುವ ದಿನ. ಸಾಮಾನ್ಯವಾಗಿ ಇವುಗಳ ನಡುವೆ ಕನಿಷ್ಠ ಹತ್ತು ದಿನಗಳ ಅಂತರವಿರಬೇಕು. ನಿಲ್ಲುವ ದಿನಕ್ಕೆ ಮೊದಲು ಮೇಲ್ಮನವಿ ಸಲ್ಲಿಸಿ ನೆರವನ್ನು ಮುಂದುವರಿಸುವಂತೆ ಕೋರಿದರೆ ತೀರ್ಪು ಬರುವವರೆಗೆ ಅದು ಮುಂದುವರಿಯುತ್ತದೆ. ಸೋತರೆ ಆ ಅವಧಿಯ ವೆಚ್ಚವನ್ನು ಮರಳಿಸಬೇಕಾಗಿ ಬರಬಹುದು. ವಿಚಾರಣೆಯಿಲ್ಲದೆ ನೆರವು ಕಡಿತಗೊಳಿಸುವುದು ಸಂವಿಧಾನಕ್ಕೆ ವಿರುದ್ಧವೆಂದು 1970ರಲ್ಲಿ ಗೋಲ್ಡ್‌ಬರ್ಗ್ ವಿರುದ್ಧ ಕೆಲಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದೇ ಈ ಹಕ್ಕಿನ ಬುನಾದಿ. ಮಿನ್ನೆಸೋಟದಲ್ಲಿ ಮೇಲ್ಮನವಿಗೆ ನೋಟಿಸ್ ತಲುಪಿದ 30 ದಿನಗಳ ಗಡುವು. ತಡವಾದುದಕ್ಕೆ ಸಕಾರಣವಿದ್ದರೆ 90 ದಿನ. ನಿಮ್ಮ ಕಡತದ ಪ್ರತಿಯನ್ನು ವಿಚಾರಣೆಗೆ ಮೊದಲೇ ಕೇಳಿ ಪಡೆಯಿರಿ, ಕಾಗದ ಯಾವ ವಿಳಾಸಕ್ಕೆ ಹೋಯಿತೆಂಬುದು ಅದರಲ್ಲಿ ದಾಖಲಾಗಿರುತ್ತದೆ.

ಮೇಲ್ಮನವಿಯ ಜೊತೆಗೇ ತುಂಬಿದ ನವೀಕರಣ ನಮೂನೆಯನ್ನೂ ಕೌಂಟಿಗೆ ಕೊಟ್ಟು ಸ್ವೀಕೃತಿ ಪಡೆಯಿರಿ. ನಮೂನೆ ಬಾರದ ಕಾರಣಕ್ಕೆ ನೆರವು ನಿಂತಿದ್ದರೆ, ನಿಂತ ದಿನದಿಂದ 90 ದಿನಗಳೊಳಗೆ ಅದನ್ನು ಕೊಟ್ಟವರ ಅರ್ಹತೆಯನ್ನು ಹೊಸ ಅರ್ಜಿಯಿಲ್ಲದೆಯೇ ಮರುಪರಿಶೀಲಿಸಬೇಕು. ಅನೇಕ ಪ್ರಕರಣಗಳು ಇಲ್ಲಿಯೇ ಇತ್ಯರ್ಥವಾಗಿ ವಿಚಾರಣೆಯವರೆಗೆ ಹೋಗುವುದೇ ಇಲ್ಲ. ಹೋದರೆ, ಮಾನವ ಸೇವಾ ನ್ಯಾಯಾಧೀಶರ ಮುಂದೆ ನಡೆಯುವ ಆ ವಿಚಾರಣೆ ದೂರವಾಣಿಯಲ್ಲೂ ಆಗಬಹುದು, ವಕೀಲರು ಕಡ್ಡಾಯವಲ್ಲ. ಆದೇಶ ನಿಮ್ಮ ವಿರುದ್ಧವಾದರೆ ಅದು ಹೊರಬಿದ್ದ 30 ದಿನಗಳೊಳಗೆ ಜಿಲ್ಲಾ ನ್ಯಾಯಾಲಯದ ಮೊರೆಹೋಗಬಹುದು.